ಇಂಗ್ಲೆಂಡಿನ ಡಿಸ್ಟ್ರಿಕ್ಟ್ ಕೌನ್ಸಿಲ್ ಎಲೆಕ್ಷನ್ ರಿಸಲ್ಟ್ ಓದೋದು ಹೇಗೆ?

ಮೇ ತಿಂಗಳ ಮೊದಲ ಗುರುವಾರ ಕಳೆದು ಶುಕ್ರವಾರ ಮಧ್ಯಾಹ್ನ ಆಯ್ತು ಅಂದ್ರೆ ಸಾಕು, ಪ್ರತಿ ಸಲ ಅದೇ ಪ್ರಶ್ನೆಗಳು ಬರ್ತವೆ. "ನಮ್ಮ ವಾರ್ಡಲ್ಲಿ ಮೂರು ಜನ ಗೆದ್ದಿದಾರೆ ಅಂತ ತೋರಿಸ್ತಿದೆ, ಇದು ತಪ್ಪಾ?", "ವೋಟ್ ಹಾಕಿದ್ದು ಎರಡು ಸಾವಿರ ಜನ, ಎಲ್ಲರ ವೋಟು ಕೂಡಿಸಿದ್ರೆ ಐದು ಸಾವಿರ ಬರುತ್ತಲ್ಲ ಹೇಗೆ?", "ಟಿವಿಯಲ್ಲಿ ಆ ಪಕ್ಷ ಸೋತಿದೆ ಅಂತಾರೆ, ಆದ್ರೆ ನಮ್ಮ ಕೌನ್ಸಿಲ್ ಇನ್ನೂ ಅವರ ಕೈಯಲ್ಲೇ ಇದೆಯಲ್ಲ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ.

ಮೊದಲು ಒಂದು ವಿಷಯ, ಯಾಕಂದ್ರೆ ಇದು ಇನ್ನೂ ತುಂಬಾ ಜನಕ್ಕೆ ಗೊತ್ತಿಲ್ಲ. ಇಲ್ಲಿ ಇರೋಕೆ ಸರಿಯಾದ ವೀಸಾ ಇರೋ ಭಾರತೀಯ ಪಾಸ್‌ಪೋರ್ಟಿನವರಿಗೂ ಈ ಎಲೆಕ್ಷನ್ನಲ್ಲಿ ವೋಟಿದೆ, ಬ್ರಿಟಿಷ್ ಪೌರತ್ವ ಬೇಕಿಲ್ಲ, ಕಾಮನ್‌ವೆಲ್ತ್ ದೇಶದವರು ಅನ್ನೋದೇ ಸಾಕು, 18 ವರ್ಷ ಆಗಿರಬೇಕು ಮತ್ತು ಹೆಸರು ರಿಜಿಸ್ಟರ್ ಆಗಿರಬೇಕು. 2023ರ ಮೇಯಿಂದ ಬೂತಲ್ಲಿ ಫೋಟೋ ಐಡಿ ಕೇಳ್ತಾರೆ, ಅದಕ್ಕೂ ನಮ್ಮ ಭಾರತೀಯ ಪಾಸ್‌ಪೋರ್ಟ್ ನಡೆಯುತ್ತೆ. ಹಾಗಾಗಿ ಈ ರಿಸಲ್ಟ್ ಬೇರೆ ಯಾರದ್ದೋ ಊರಿನ ಸುದ್ದಿ ಅಲ್ಲ, ನಿಮ್ಮದೇ.

ಬೇಕಾಗಿರೋದು ಇಷ್ಟೇ: ನಿಮ್ಮ ಮನೆ ಪೋಸ್ಟ್‌ಕೋಡ್, ಮೊಬೈಲಲ್ಲಿರೋ ಕ್ಯಾಲ್ಕುಲೇಟರ್, ಮತ್ತೆ ಒಂದರ್ಧ ಗಂಟೆ.

1. ನಿಮ್ಮದು ಯಾವ ಕೌನ್ಸಿಲ್ ಅಂತ ಖಚಿತ ಮಾಡ್ಕೊಳ್ಳಿ

ಸರ್ಕಾರದ ಗವ್ ಡಾಟ್ ಯುಕೆ (gov.uk) ಸೈಟಲ್ಲಿ ಪೋಸ್ಟ್‌ಕೋಡ್ ಹಾಕಿದ್ರೆ ನಿಮ್ಮ ಕೌನ್ಸಿಲ್ ಯಾವುದು ಅಂತ ಬರುತ್ತೆ. ಒಂದೇ ಹೆಸರು ಬಂದ್ರೆ ನೀವು ಯೂನಿಟರಿ ಕೌನ್ಸಿಲ್ಲಲ್ಲೋ, ಲಂಡನ್ ಬರೋದಲ್ಲೋ (ಬರೋ ಅಂದ್ರೆ ಲಂಡನ್ನಿನೊಳಗಿನ ಒಂದೊಂದು ಕೌನ್ಸಿಲ್ ಏರಿಯಾ), ಮ್ಯಾಂಚೆಸ್ಟರ್ ಬರ್ಮಿಂಗ್‌ಹ್ಯಾಮ್ ಥರದ ಮೆಟ್ರೋಪಾಲಿಟನ್ ಏರಿಯಾದಲ್ಲೋ ಇದೀರಿ, ಅಂದ್ರೆ ಎಲ್ಲಾ ಕೆಲಸಕ್ಕೂ ಒಂದೇ ಆಫೀಸು. ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆಯವರು ಈ ಗುಂಪು. ಎರಡು ಹೆಸರು ಬಂದ್ರೆ ಮೇಲೆ ಕೌಂಟಿ ಕೌನ್ಸಿಲ್, ಕೆಳಗೆ ಡಿಸ್ಟ್ರಿಕ್ಟ್ ಕೌನ್ಸಿಲ್. ನಮ್ಮ ಕಡೆ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಇದ್ದ ಹಾಗೆ ಅನ್ಕೊಳ್ಳಿ, ಪೂರ್ತಿ ಹಾಗೇ ಅಲ್ಲ, ಅರ್ಥ ಆಗೋಕೆ ಸಾಕು.

ಡಿಸ್ಟ್ರಿಕ್ಟ್ ನೋಡ್ಕೊಳ್ಳೋದು ಕಸದ ಬಿನ್ ಖಾಲಿ ಮಾಡೋದು, ಮನೆ ಹಿಂದೆ ಎಕ್ಸ್‌ಟೆನ್ಷನ್ ಕಟ್ಟೋಕೆ ಪರ್ಮಿಷನ್, ಕೌನ್ಸಿಲ್ ಮನೆಗಳು, ಕೌನ್ಸಿಲ್ ಟ್ಯಾಕ್ಸ್ ವಸೂಲಿ. ಸ್ಕೂಲ್ ಸೀಟು, ರಸ್ತೆ ಗುಂಡಿ, ವಯಸ್ಸಾದವರ ಆರೈಕೆ, ಲೈಬ್ರರಿ ಇವೆಲ್ಲ ಕೌಂಟಿದು. ಟ್ಯಾಕ್ಸ್ ಬಿಲ್ ಕಳಿಸೋದು ಡಿಸ್ಟ್ರಿಕ್ಟ್ ಆದ್ರೂ ಆ ದುಡ್ಡಲ್ಲಿ ದೊಡ್ಡ ಪಾಲು ಹೋಗೋದು ಕೌಂಟಿಗೆ, ಬಿಲ್ ತೆಗೆದು ನೋಡಿ, ಕೌಂಟಿ, ಪೊಲೀಸ್, ಫೈರ್, ಪ್ಯಾರಿಷ್ (ಡಿಸ್ಟ್ರಿಕ್ಟಿಗಿಂತ ಕೆಳಗಿನ ಊರಮಟ್ಟದ ಚಿಕ್ಕ ಕೌನ್ಸಿಲ್) ಅಂತ ಸಾಲಾಗಿ ಬರೆದಿರುತ್ತೆ.

ಎಡವೋದು ಇಲ್ಲಿ: ಹೆಸರು ನೋಡಿ ಮೋಸ ಹೋಗ್ಬೇಡಿ. ಕೇಂಬ್ರಿಡ್ಜ್ ಸಿಟಿ ಕೌನ್ಸಿಲ್, ಆಕ್ಸ್‌ಫರ್ಡ್ ಸಿಟಿ ಕೌನ್ಸಿಲ್, ಬೇಸಿಂಗ್‌ಸ್ಟೋಕ್ ಅಂಡ್ ಡೀನ್ ಬರೋ ಕೌನ್ಸಿಲ್ ಇವೆಲ್ಲ ಕೆಲಸದ ಮಟ್ಟಿಗೆ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳೇ, ಸಿಟಿ, ಬರೋ ಅನ್ನೋದು ಬಿರುದು ಅಷ್ಟೇ. ಕೇಂಬೋರ್ನಲ್ಲಿ ಇರೋರು ಅಡ್ರೆಸ್ಸಲ್ಲಿ ಕೇಂಬ್ರಿಡ್ಜ್ ಅಂತ ಬರೀತಾರೆ ಆದ್ರೆ ಅವರ ಕೌನ್ಸಿಲ್ ಸೌತ್ ಕೇಂಬ್ರಿಡ್ಜ್‌ಶೈರ್, ಸಿಟಿ ರಿಸಲ್ಟ್ ನೋಡಿಕೊಂಡು ಕೂತ್ರೆ ಏನೂ ಸಿಗಲ್ಲ.

2. ಈ ಸಲ ಎಷ್ಟು ಸೀಟಿಗೆ ಎಲೆಕ್ಷನ್ ಅಂತ ನೋಡಿ

ಇದನ್ನ ಬಿಟ್ಟು ಮುಂದೆ ಹೋದ್ರೆ ಉಳಿದಿದ್ದೆಲ್ಲ ತಲೆಕೆಳಗಾಗುತ್ತೆ. ಕೌನ್ಸಿಲರ್ ಅವಧಿ 4 ವರ್ಷ, ಆದ್ರೆ ಎಲ್ಲರ ಅವಧಿ ಒಟ್ಟಿಗೆ ಮುಗಿಯಬೇಕು ಅಂತೇನಿಲ್ಲ. ಅಕ್ಕಪಕ್ಕದ ಎರಡು ಕೌನ್ಸಿಲ್‌ ನೋಡಿ. ಸೌತ್ ಕೇಂಬ್ರಿಡ್ಜ್‌ಶೈರಲ್ಲಿ 45 ಸೀಟು, 2018ರಲ್ಲಿ ಒಂದ್ಸಲ, 2022ರಲ್ಲಿ ಒಂದ್ಸಲ, ಪ್ರತಿ ಸಲ 45ಕ್ಕೂ ಒಟ್ಟಿಗೆ. ಕೇಂಬ್ರಿಡ್ಜ್ ಸಿಟಿಯಲ್ಲಿ 42 ಸೀಟು, 14 ವಾರ್ಡು, ವಾರ್ಡಿಗೆ ಮೂರು ಜನ, ಆದ್ರೆ ವರ್ಷಕ್ಕೆ ವಾರ್ಡಿಗೊಂದರ ಹಾಗೆ 14 ಸೀಟಿಗೆ ಮಾತ್ರ ಎಲೆಕ್ಷನ್, ಮೂರು ವರ್ಷ ಹೀಗೆ ನಡೆದು ನಾಲ್ಕನೇ ವರ್ಷ ಖಾಲಿ, ಆ ವರ್ಷ ಕೌಂಟಿ ಎಲೆಕ್ಷನ್ ಬರುತ್ತೆ. ಆಕ್ಸ್‌ಫರ್ಡ್ ಸಿಟಿಯದ್ದು ಇನ್ನೊಂದು ಥರ, 48ರಲ್ಲಿ ಅರ್ಧ ಎರಡು ವರ್ಷಕ್ಕೊಮ್ಮೆ.

ಹಾಗಾಗಿ ಮೂರರಲ್ಲೊಂದು ಭಾಗಕ್ಕೆ ಎಲೆಕ್ಷನ್ ಆಗೋ ಕಡೆ "ಇವತ್ತು ಜಾಸ್ತಿ ಸೀಟು ಗೆದ್ದೋರು" ಬೇರೆ, "ಕೌನ್ಸಿಲ್ ಆಳೋರು" ಬೇರೆ ಇರಬಹುದು. 14ರಲ್ಲಿ 8 ಗೆದ್ರು ಅಂದ ತಕ್ಷಣ ಬಹುಮತ ಬಂತು ಅಂತಲ್ಲ, ಉಳಿದ 28 ಸೀಟಲ್ಲಿ ಈಗಾಗಲೇ ಯಾರು ಕೂತಿದಾರೆ ಅನ್ನೋದನ್ನ ಸೇರಿಸಿ ಲೆಕ್ಕ ಹಾಕ್ಬೇಕು. ರಿಸಲ್ಟ್ ಪೇಜಲ್ಲಿ ಎರಡು ಟೇಬಲ್ ಇರುತ್ತೆ ಸಾಮಾನ್ಯವಾಗಿ, ಒಂದು ಈ ಸಲ ಗೆದ್ದಿದ್ದು, ಇನ್ನೊಂದು ಎಲೆಕ್ಷನ್ ಆದ ಮೇಲೆ ಒಟ್ಟು ಬಲಾಬಲ. ನಿಮಗೆ ಬೇಕಿರೋದು ಎರಡನೇದು.

3. ಮೂಲ ಕಾಗದ ಹುಡುಕಿ, ಸ್ಕ್ರೀನ್‌ಶಾಟ್ ನಂಬಬೇಡಿ

ವಾಟ್ಸಾಪಲ್ಲಿ ಓಡಾಡೋ ಬಣ್ಣದ ಮ್ಯಾಪಲ್ಲಿ ನಿಮ್ಮ ವಾರ್ಡಿನ ಕಥೆ ಇರಲ್ಲ. ಕೌನ್ಸಿಲ್ ವೆಬ್‌ಸೈಟಿಗೆ ಹೋಗಿ ಎಲೆಕ್ಷನ್ಸ್ ಅನ್ನೋ ವಿಭಾಗದಲ್ಲಿ ರಿಸಲ್ಟ್ಸ್ ಒತ್ತಿ, ದಿನಾಂಕ ಆರಿಸಿ, ವಾರ್ಡ್ ಆರಿಸಿ. ಅಲ್ಲಿ "ಡಿಕ್ಲರೇಷನ್ ಆಫ್ ರಿಸಲ್ಟ್ ಆಫ್ ಪೋಲ್" ಅಂತ ಒಂದು ಪಿಡಿಎಫ್ ಸಿಗುತ್ತೆ, ಸಾಮಾನ್ಯವಾಗಿ ವಾರ್ಡಿಗೊಂದು ಪುಟ, ಕೆಳಗೆ ರಿಟರ್ನಿಂಗ್ ಆಫೀಸರ್ ಹೆಸರು, ಅಂದ್ರೆ ನಮ್ಮ ಚುನಾವಣಾಧಿಕಾರಿ. ಅಧಿಕೃತ ಅಂದ್ರೆ ಈ ಕಾಗದ ಮಾತ್ರ.

ರಾತ್ರಿನೇ ರಿಸಲ್ಟ್ ಬರಬೇಕು ಅಂತ ಕಾಯ್ಬೇಡಿ. ವೋಟಿಂಗ್ ಬೆಳಿಗ್ಗೆ 7ರಿಂದ ರಾತ್ರಿ 10, ಕೆಲವು ಕೌನ್ಸಿಲ್ ರಾತ್ರಿಯೇ ಎಣಿಸ್ತವೆ, ಸುಮಾರು ಕಡೆ ಶುಕ್ರವಾರ ಬೆಳಿಗ್ಗೆ ಶುರು. ಇಲ್ಲಿ ಇವಿಎಂ ಇಲ್ಲ, ಪೇಪರ್ ಮತ್ತು ಪೆನ್ಸಿಲ್. ಎಣಿಸೋಕೆ ಮುಂಚೆ ವೆರಿಫಿಕೇಷನ್ ಅಂತ ಒಂದು ಹಂತ ಇದೆ, ಬೂತಲ್ಲಿ ಕೊಟ್ಟ ಬ್ಯಾಲಟ್ ಪೇಪರ್ ಎಷ್ಟು, ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಎಷ್ಟು ಅಂತ ತಾಳೆ ನೋಡೋದು. ಆಮೇಲೆ ಮೂರು ಸೀಟಿನ ವಾರ್ಡ್ ಇದ್ರೆ ಮೂರೂ ವೋಟನ್ನ ಒಂದೇ ಪಕ್ಷಕ್ಕೆ ಹಾಕಿರೋ ಪೇಪರ್‌ಗಳನ್ನ ಕಟ್ಟು ಕಟ್ಟಿ ಬೇರೆ ಇಡ್ತಾರೆ, ಒಂದು ವೋಟು ಅಲ್ಲಿ ಇನ್ನೊಂದು ಇಲ್ಲಿ ಅಂತ ಹಂಚಿರೋ ಪೇಪರ್‌ಗಳನ್ನ ದೊಡ್ಡ ಹಾಳೆ ಮೇಲೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಜರುಗಿಸಿ ಅಂಟಿಸಿ, ವೋಟಿನ ಗುರುತು ಮಾತ್ರ ಸಾಲಾಗಿ ಕಾಣೋ ಹಾಗೆ ಮಾಡಿ ಅಡ್ಡಡ್ಡ ಎಣಿಸ್ತಾರೆ. ಇದಕ್ಕೆ ಗ್ರಾಸ್ ಸ್ಕರ್ಟ್ ಅಂತಾರೆ, ನೋಡೋಕೆ ಹುಲ್ಲಿನ ಲಂಗದ ಥರ ಇಳಿಬಿದ್ದಿರುತ್ತೆ. ಇಷ್ಟು ಕೆಲಸ ಇರೋದಕ್ಕೇ ತಡ.

ಎಡವೋದು ಇಲ್ಲಿ: ಒಂದೇ ಊರ ಹೆಸರಲ್ಲಿ ಮೂರು ರಿಸಲ್ಟ್ ಇರಬಹುದು, ಪ್ಯಾರಿಷ್, ಡಿಸ್ಟ್ರಿಕ್ಟ್, ಕೌಂಟಿ. ಡಿಸ್ಟ್ರಿಕ್ಟಿನ ಕ್ಷೇತ್ರಕ್ಕೆ ವಾರ್ಡ್ ಅಂತಾರೆ, ಕೌಂಟಿದಕ್ಕೆ ಡಿವಿಷನ್ ಅಂತಾರೆ, ಈ ಪದ ನೋಡಿದ್ರೆ ಸಾಕು ಗೊತ್ತಾಗುತ್ತೆ.

4. ಕಾಗದನ ಸಾಲು ಸಾಲಾಗಿ ಓದಿ

ಹೆಸರುಗಳು ಸರ್‌ನೇಮ್ ಮೊದಲು, ಅಕ್ಷರಮಾಲೆ ಪ್ರಕಾರ ಇರ್ತವೆ, ಗೆದ್ದೋರು ಮೇಲೆ ಅಂತ ಇರಲ್ಲ. ಹೆಸರು, ಪಕ್ಷ, ವೋಟು, ಕೊನೇಲಿ ಗೆದ್ದವರ ಮುಂದೆ ಮಾತ್ರ "ಇಲೆಕ್ಟೆಡ್" ಅಂತ ಬರೆದಿರುತ್ತೆ.

ಕೆಳಗಡೆ ಇರೋ ಚಿಕ್ಕ ಟೇಬಲ್ಲನ್ನ ಯಾರೂ ನೋಡಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಇಲೆಕ್ಟೊರೇಟ್ ಅಂದ್ರೆ ಪಟ್ಟಿಯಲ್ಲಿರೋ ಒಟ್ಟು ಮತದಾರರು. ಬ್ಯಾಲಟ್ ಪೇಪರ್ಸ್ ಇಶ್ಯೂಡ್ ಅಂದ್ರೆ ಎಷ್ಟು ಜನಕ್ಕೆ ಪೇಪರ್ ಕೊಟ್ರು. ಟರ್ನ್‌ಔಟ್ ಅಂದ್ರೆ ಶೇಕಡಾವಾರು ಮತದಾನ, 30ರಿಂದ 40ರ ಒಳಗೆ ಇದ್ರೆ ಇಲ್ಲಿ ಮಾಮೂಲಿ, ನೋಡಿ ಗಾಬರಿ ಬೀಳ್ಬೇಡಿ. ಆಮೇಲೆ ರಿಜೆಕ್ಟೆಡ್, ಅಂದ್ರೆ ತಿರಸ್ಕೃತ ಮತ, ಅದಕ್ಕೆ ಕಾರಣ ಸಮೇತ: ಅಧಿಕೃತ ಗುರುತು ಇಲ್ದೇ ಇರೋದು, ಕೊಟ್ಟಿದ್ದಕ್ಕಿಂತ ಜಾಸ್ತಿ ವೋಟು ಹಾಕಿರೋದು, ಯಾರು ಹಾಕಿದ್ದು ಅಂತ ಗೊತ್ತಾಗೋ ಹಾಗೆ ಹೆಸರು ಸಹಿ ಬರೆದಿರೋದು, ಖಾಲಿ ಬಿಟ್ಟಿರೋದು ಅಥವಾ ಯಾರಿಗೆ ಅಂತ ತಿಳೀದೇ ಇರೋದು. ಇಲ್ಲಿ ನೋಟಾ ಇಲ್ಲ, ಹಾಗಾಗಿ ಯಾರೂ ಬೇಡ ಅನ್ನೋರ ಪೇಪರೂ ಈ ಖಾಲಿ ಸಾಲಲ್ಲೇ ಸೇರುತ್ತೆ. ಕ್ರಾಸ್ ಬದಲು ಟಿಕ್ ಹಾಕ್ಬಿಟ್ಟೆ, ವೋಟ್ ಹೋಯ್ತಾ ಅಂತ ಕೇಳೋರಿಗೆ: ಯಾರಿಗೆ ಹಾಕಿದ್ದು ಅಂತ ಸ್ಪಷ್ಟ ಇದ್ರೆ ಎಣಿಸ್ತಾರೆ, ಚಿಂತೆ ಬೇಡ.

ವೋಟಿನ ಸಂಖ್ಯೆನೇ ಇಲ್ದೇ "ಅನ್‌ಕಂಟೆಸ್ಟೆಡ್" ಅಂತಿದ್ರೆ ಅವಿರೋಧ ಆಯ್ಕೆ. 60 ವೋಟು 70 ವೋಟು ತಗೊಂಡಿರೋರನ್ನ ನೋಡಿ ಠೇವಣಿ ಹೋಯ್ತು ಅನ್ಕೊಳ್ತೀವಿ ನಾವು, ಆದ್ರೆ ಇಲ್ಲಿ ಕೌನ್ಸಿಲ್ ಎಲೆಕ್ಷನ್ನಿಗೆ ಠೇವಣಿನೇ ಇಲ್ಲ, ಸೂಚಕರು ಒಬ್ಬರು, ಅನುಮೋದಕರು ಒಬ್ಬರು ಸಹಿ ಹಾಕಿದ್ರೆ ಸಾಕು. ಹೆಸರಿಗೆ ಮಾತ್ರ ನಿಂತ ಕ್ಯಾಂಡಿಡೇಟ್‌ಗಳು ಸುಮಾರು ಇರ್ತಾರೆ, ಪೇಪರ್ ಕ್ಯಾಂಡಿಡೇಟ್ ಅಂತಾರೆ ಅವರಿಗೆ.

5. ಒಂದಕ್ಕಿಂತ ಹೆಚ್ಚು ಸೀಟಿನ ವಾರ್ಡಲ್ಲಿ ಪರ್ಸೆಂಟ್ ಲೆಕ್ಕ

ಅತಿ ಹೆಚ್ಚು ತಪ್ಪಾಗೋದು ಇಲ್ಲಿ, ಹಾಗಾಗಿ ನಿಧಾನಕ್ಕೆ ಹೋಗೋಣ. ಮೂರು ಸೀಟಿನ ವಾರ್ಡಲ್ಲಿ ಎಲ್ಲಾ ಸೀಟಿಗೂ ಒಟ್ಟಿಗೆ ಎಲೆಕ್ಷನ್ ಆದ್ರೆ ನಿಮಗೆ ಮೂರು ವೋಟು ತನಕ ಹಾಕಬಹುದು, ಒಬ್ಬರಿಗೆ ಒಂದೇ, ಮೂರೂ ಹಾಕ್ಲೇಬೇಕು ಅಂತಿಲ್ಲ, ಜಾಸ್ತಿ ವೋಟು ಬಂದ ಮೊದಲ ಮೂರು ಜನ ಗೆದ್ದ ಹಾಗೆ. ಹಳ್ಳಿಯಿಂದ ಬಂದೋರಿಗೆ ಇದು ಹೊಸದಲ್ಲ, ಕರ್ನಾಟಕದ ಗ್ರಾಮ ಪಂಚಾಯ್ತಿ ಎಲೆಕ್ಷನ್ನಲ್ಲೂ ಒಂದು ಕ್ಷೇತ್ರಕ್ಕೆ ಎರಡು ಮೂರು ಸೀಟಿದ್ರೆ ಅಷ್ಟು ವೋಟು ಹಾಕ್ತೀವಲ್ಲ, ಮೀಸಲಾತಿ ಒಂದು ತೆಗೆದ್ರೆ ಹೆಚ್ಚುಕಮ್ಮಿ ಅದೇ. ಬೆಂಗಳೂರಲ್ಲೇ ಬೆಳೆದವರಿಗೆ ಮಾತ್ರ ಇದು ವಿಚಿತ್ರ ಅನ್ಸೋದು.

ಒಂದು ಕಾಲ್ಪನಿಕ ವಾರ್ಡ್ ತಗೊಳ್ಳಿ. ಮೂರು ಸೀಟು, ಮತದಾರರು 6,000, ಪೇಪರ್ ಕೊಟ್ಟಿದ್ದು 2,100, ಅಂದ್ರೆ ಟರ್ನ್‌ಔಟ್ 35%. ತಿರಸ್ಕೃತ 20, ಉಳಿದಿದ್ದು 2,080. ಕ ಪಕ್ಷದ ಮೂರು ಜನಕ್ಕೆ 940, 905, 860. ಚ ಪಕ್ಷದ ಮೂರು ಜನಕ್ಕೆ 790, 720, 700. ಟ ಪಕ್ಷ ಒಬ್ಬರನ್ನೇ ನಿಲ್ಲಿಸಿದೆ, 480. ಎಲ್ಲಾ ಕೂಡಿಸಿದ್ರೆ 5,395. ನೋಡಿ, 2,080 ಜನ 5,395 ವೋಟು ಹಾಕಿದಾರೆ, ಅಕ್ರಮ ಏನೂ ಇಲ್ಲ. ಮೂರೂ ವೋಟು ಎಲ್ಲರೂ ಹಾಕಿದ್ರೆ 6,240 ಆಗ್ತಿತ್ತು, 845 ವೋಟು ಜನ ಬಳಸ್ದೇ ಬಿಟ್ಟಿದಾರೆ ಅಷ್ಟೇ.

ಈಗ ಟ ಪಕ್ಷಕ್ಕೆ ಎಷ್ಟು ಜನಬೆಂಬಲ? ಒಟ್ಟು ವೋಟಲ್ಲಿ ಭಾಗಿಸಿದ್ರೆ 480 ಬರೀ 8.9%. ಆದ್ರೆ ಅವರು ನಿಲ್ಸಿದ್ದೇ ಒಬ್ಬರನ್ನ, ಮೂರು ಮೂರು ಜನರನ್ನ ನಿಲ್ಸಿದೋರ ಜೊತೆ ಹೀಗೆ ಹೋಲಿಸೋದು ನ್ಯಾಯ ಅಲ್ಲ. ಪ್ರತಿ ಪಕ್ಷದ ಅತಿ ಹೆಚ್ಚು ವೋಟು ಬಂದವರನ್ನ ಮಾತ್ರ ತಗೊಂಡ್ರೆ 940, 790, 480, ಕೂಡಿಸಿದ್ರೆ 2,210, ಈಗ ಟ ಪಕ್ಷದ ಪಾಲು 21.7%. ಬೂತಿಗೆ ಬಂದವರಲ್ಲಿ ಎಷ್ಟು ಜನ ಅವರಿಗೆ ಒಂದು ವೋಟು ಕೊಟ್ರು ಅಂದ್ರೆ 480ನ್ನ 2,080ರಿಂದ ಭಾಗಿಸಿ, 23.1%. ಒಂದೇ ವಾರ್ಡು, ಒಂದೇ ಸಂಖ್ಯೆ, 9 ಅಂತಲೂ ಹೇಳಬಹುದು 23 ಅಂತಲೂ ಹೇಳಬಹುದು! ಮನೆಗೆ ಬರೋ ಪಕ್ಷದ ಲೀಫ್ಲೆಟ್‌ಗಳಲ್ಲಿ ಬಾರ್ ಚಾರ್ಟ್ ಹಾಕಿರ್ತಾರಲ್ಲ, ಇದರಲ್ಲಿ ಯಾವ ಲೆಕ್ಕ ಬಳಸಿದಾರೆ ಅಂತ ಕೇಳ್ಕೊಳ್ಳಿ. ನನ್ನ ಮಟ್ಟಿಗೆ ಮೊದಲ ಅಭ್ಯರ್ಥಿಗಳ ಲೆಕ್ಕ ಬೇರೆ ಬೇರೆ ಪಕ್ಷ ಹೋಲಿಸೋಕೆ ಸರಿ, ಜನ ಎಷ್ಟು ಅಂತ ತಿಳ್ಕೋಬೇಕು ಅಂದ್ರೆ ಪೇಪರ್ ಸಂಖ್ಯೆಯಿಂದ ಭಾಗಿಸೋದು ಸರಿ. ಒಟ್ಟು ವೋಟಿನ ಲೆಕ್ಕ ಎಲ್ಲಾ ಪಕ್ಷಗಳೂ ಪೂರ್ತಿ ಮೂರು ಜನರನ್ನ ನಿಲ್ಸಿದಾಗ ಮಾತ್ರ ಬಳಸಿ.

ಗೆಲುವಿನ ಅಂತರದಲ್ಲೂ ಇದೇ ಎಚ್ಚರ. 940ರಿಂದ 790 ಕಳೆದು 150ರ ಅಂತರ ಅಂತ ಬರೀತಾರೆ, ಅದಲ್ಲ. ಕೊನೆಯದಾಗಿ ಗೆದ್ದೋರು 860, ಮೊದಲನೆಯದಾಗಿ ಸೋತೋರು 790, ಸೀಟು ನಿಂತಿರೋದು 70 ವೋಟಲ್ಲಿ. ಎಪ್ಪತ್ತು ವೋಟು ಅಂದ್ರೆ ನಿಮ್ಮ ಯುಗಾದಿ ಊಟಕ್ಕೆ ಸೇರೋ ಜನ, ವೋಟು ಹಾಕೋಕೆ ಹೋಗದೇ ಇರೋ ನಮ್ಮೋರಿಗೆ ನಾನು ಪದೇ ಪದೇ ಹೇಳೋದು ಇದನ್ನೇ.

ಒಂದೇ ಪಕ್ಷದ ಮೂವರಲ್ಲಿ ವೋಟು ಹೆಚ್ಚುಕಮ್ಮಿ ಯಾಕೆ ಅಂದ್ರೆ ಬ್ಯಾಲಟ್ ಪೇಪರಲ್ಲಿ ಅಕ್ಷರಮಾಲೆ ಪ್ರಕಾರ ಮೇಲಿರೋರಿಗೆ ಸ್ವಲ್ಪ ಜಾಸ್ತಿ ಬೀಳೋದು ಸಾಮಾನ್ಯ, ಕೆಳಗಿರೋರು ಕೆಟ್ಟೋರು ಅಂತ ಅಲ್ಲ.

6. ಹೋಲ್ಡ್, ಗೇನ್, ಪ್ಲಸ್ ಮೈನಸ್

ಹೋಲ್ಡ್ ಅಂದ್ರೆ ಸೀಟು ಉಳಿಸಿಕೊಂಡ್ರು, ಗೇನ್ ಅಂದ್ರೆ ಇನ್ನೊಬ್ಬರಿಂದ ಕಿತ್ಕೊಂಡ್ರು. ಪ್ಲಸ್ ಮೈನಸ್ ಸಂಖ್ಯೆ ಸಾಮಾನ್ಯವಾಗಿ ಅದೇ ಸೀಟಿಗೆ ಹಿಂದಿನ ಸಲ ನಡೆದ ಎಲೆಕ್ಷನ್ನಿನ ಹೋಲಿಕೆ, ಕಳೆದ ವರ್ಷದ್ದಲ್ಲ. ಮಧ್ಯದಲ್ಲಿ ಯಾರಾದ್ರೂ ಪಕ್ಷ ಬದಲಾಯಿಸಿದ್ರೆ ಲೆಕ್ಕ ತಪ್ಪಿದ ಹಾಗೆ ಕಾಣುತ್ತೆ, ಇಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ಪಕ್ಷ ಬಿಟ್ಟರೂ ಸೀಟು ಹೋಗಲ್ಲ. ವಾರ್ಡ್ ಗಡಿ ಬದಲಾಗಿದ್ರೆ ಹಳೇ ರಿಸಲ್ಟಿನ ಜೊತೆ ಹೋಲಿಸೋಕೇ ಹೋಗ್ಬೇಡಿ.

ಟಿವಿಯಲ್ಲಿ ಬರೋ "ಪ್ರೊಜೆಕ್ಟೆಡ್ ನ್ಯಾಷನಲ್ ಶೇರ್" ಅನ್ನೋದು ದೇಶ ಪೂರ್ತಿ ವೋಟ್ ಹಾಕಿದ್ರೆ ಹೇಗಿರ್ತಿತ್ತು ಅನ್ನೋ ಅಂದಾಜು, ನಿಮ್ಮ ಕೌನ್ಸಿಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

7. ಆಳೋದು ಯಾರು ಅಂತ ಲೆಕ್ಕ ಹಾಕಿ

ಒಟ್ಟು ಸೀಟಿನ ಅರ್ಧಕ್ಕಿಂತ ಒಂದು ಜಾಸ್ತಿ ಬೇಕು. ಸೌತ್ ಕೇಂಬ್ರಿಡ್ಜ್‌ಶೈರಲ್ಲಿ 45ಕ್ಕೆ 23, 2022ರಲ್ಲಿ ಲಿಬರಲ್ ಡೆಮಾಕ್ರಾಟ್ 37, ಕನ್ಸರ್ವೇಟಿವ್ 8, ಇಲ್ಲಿ ಅನುಮಾನಕ್ಕೆ ಜಾಗನೇ ಇಲ್ಲ. ಮಿಡ್ ಸಫೋಕಲ್ಲಿ 34 ಸೀಟು, 18 ಬೇಕು, 2023ರ ಮೇಯಲ್ಲಿ ಗ್ರೀನ್ ಪಕ್ಷ 24 ಗೆದ್ದು ಬ್ರಿಟನ್ನಲ್ಲಿ ಮೊದಲ ಬಾರಿಗೆ ಒಂದು ಕೌನ್ಸಿಲ್ಲಲ್ಲಿ ಪೂರ್ಣ ಬಹುಮತ ತಗೊಂತು. ಅದೇ ದಿನ ಸಸೆಕ್ಸಿನ ಲೂಯಿಸ್ ಡಿಸ್ಟ್ರಿಕ್ಟಲ್ಲಿ 41 ಸೀಟು, ಗ್ರೀನ್ 17, ಲಿಬರಲ್ ಡೆಮಾಕ್ರಾಟ್ 15, ಲೇಬರ್ 9. 21 ಯಾರಿಗೂ ಬರ್ಲಿಲ್ಲ. ಇದಕ್ಕೆ "ನೋ ಓವರಾಲ್ ಕಂಟ್ರೋಲ್" ಅಂತ ಬರೀತಾರೆ, ನಮ್ಮ ಭಾಷೇಲಿ ಅತಂತ್ರ.

ಅತಂತ್ರ ಅಂದ್ರೆ ಮತ್ತೆ ಎಲೆಕ್ಷನ್ ಅಂತಲ್ಲ. ಗೆದ್ದೋರು ಗುರುವಾರದ ಎಲೆಕ್ಷನ್ನಿನ ನಂತರ ಸೋಮವಾರದಿಂದ ಅಧಿಕಾರದಲ್ಲಿ, ಆಮೇಲೆ ಅದೇ ತಿಂಗಳಲ್ಲಿ ಬರೋ ಆನ್ಯುಯಲ್ ಮೀಟಿಂಗಲ್ಲಿ ಕೌನ್ಸಿಲರ್‌ಗಳೇ ಸೇರಿ ಲೀಡರ್‌ನ ಆರಿಸೋದು ಸಾಮಾನ್ಯ. ಅಲ್ಲೀವರೆಗೆ ಮಾತುಕತೆ, ಹೊಂದಾಣಿಕೆ. ನಿಜವಾದ ಉತ್ತರ ಬೇಕು ಅಂದ್ರೆ ಆ ಮೀಟಿಂಗಿನ ಮಿನಿಟ್ಸ್ ನೋಡಿ, ಕೌನ್ಸಿಲ್ ಸೈಟಲ್ಲೇ ಹಾಕಿರ್ತಾರೆ.

ಮೇಯರ್ ಮತ್ತು ಲೀಡರ್ ಒಂದೇ ಅಂತ ತಿಳ್ಕೋಬೇಡಿ. ಹೆಚ್ಚಿನ ಕಡೆ ಮೇಯರ್ ಅಥವಾ ಚೇರ್ ಅನ್ನೋದು ಒಂದು ವರ್ಷದ ಗೌರವದ ಸ್ಥಾನ, ನಿರ್ಧಾರ ತಗೊಳ್ಳೋದು ಲೀಡರ್. ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್ ಬರೋದಲ್ಲಿ ಕೌನ್ಸಿಲರ್ ಆಗಿ 2010ರಲ್ಲಿ ಮೇಯರ್ ಆದ್ರಲ್ಲ, ಅದು ಈ ಥರದ ಮೇಯರ್ ಸ್ಥಾನ. ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಬಸವಣ್ಣನವರ ಪ್ರತಿಮೆ ನಿಂತಿದ್ದು ಅವರ ಓಡಾಟದಿಂದಲೇ, ಗೌರವದ ಸ್ಥಾನದಲ್ಲಿ ಕೂತೋರೂ ಏನು ಮಾಡಬಹುದು ಅನ್ನೋದಕ್ಕೆ ನನಗೆ ಅದು ಯಾವಾಗಲೂ ನೆನಪಾಗುತ್ತೆ.

8. ಸಮ ಬಂದ್ರೆ, ಅನುಮಾನ ಬಂದ್ರೆ

ಇಬ್ಬರಿಗೂ ಸಮ ವೋಟು ಬಂದ್ರೆ ಚೀಟಿ ಎತ್ತೋದೇ, ನಮ್ಮಲ್ಲಿ ಇದ್ದ ಹಾಗೆ. 2017ರಲ್ಲಿ ನಾರ್ತಂಬರ್‌ಲ್ಯಾಂಡಿನ ಸೌತ್ ಬ್ಲೈತಲ್ಲಿ, ಅದು ಯೂನಿಟರಿ ಕೌನ್ಸಿಲ್ ಆದ್ರೂ ನಿಯಮ ಇದೇ, ಕಡ್ಡಿ ಎಳೆದು ತೀರ್ಮಾನ ಮಾಡಿದ್ರು, ಕನ್ಸರ್ವೇಟಿವ್‌ನವರ ಕೈಗೆ ಕಡ್ಡಿ ಬರ್ಲಿಲ್ಲ, 67ರಲ್ಲಿ 33ಕ್ಕೆ ನಿಂತು ಒಂದೇ ಸೀಟಿಂದ ಬಹುಮತ ಹೋಯ್ತು.

ಅಂತರ ಕಮ್ಮಿ ಇದ್ರೆ ತಾನಾಗೇ ಮರು ಎಣಿಕೆ ಆಗುತ್ತೆ ಅನ್ಕೋಬೇಡಿ, ಕ್ಯಾಂಡಿಡೇಟ್ ಅಥವಾ ಅವರ ಏಜೆಂಟ್ ಕೇಳ್ಬೇಕು, ಕೇಳಿದ್ದು ಸಮಂಜಸ ಅಲ್ಲ ಅನ್ಸಿದ್ರೆ ಚುನಾವಣಾಧಿಕಾರಿ ಇಲ್ಲ ಅನ್ನಬಹುದು. ಒಂದ್ಸಲ ಘೋಷಣೆ ಆಯ್ತು ಅಂದ್ರೆ ಅವರೂ ಬದಲಾಯಿಸೋ ಹಾಗಿಲ್ಲ, ಎಲೆಕ್ಷನ್ ಪಿಟಿಷನ್ ಹಾಕ್ಬೇಕು, ಅದಕ್ಕೆ ಸಾಮಾನ್ಯ ಗಡುವು 21 ದಿನ. ರಿಸಲ್ಟ್ ಜಾಗದಲ್ಲಿ ಒಂದು ವಾರ್ಡ್ ಪೂರ್ತಿ ಕಾಣೆ ಆಗಿದ್ರೆ ಕ್ಯಾಂಡಿಡೇಟ್ ಯಾರಾದ್ರೂ ತೀರಿಕೊಂಡಿರಬಹುದು, ಆಗ ಆ ವಾರ್ಡಿನ ಎಲೆಕ್ಷನ್ ರದ್ದಾಗಿ ಆಮೇಲೆ ಬೇರೆ ದಿನ ನಡೆಯುತ್ತೆ.

9. ಪಿಡಿಎಫ್ ಇಳಿಸಿ ಇಟ್ಕೊಳ್ಳಿ

ಇದು ಸುಮ್ನೆ ಹೇಳ್ತಿಲ್ಲ. ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳೇ ಕಮ್ಮಿ ಆಗ್ತಿವೆ. 2023ರ ಏಪ್ರಿಲ್ 1ಕ್ಕೆ ಕಂಬ್ರಿಯಾ, ನಾರ್ತ್ ಯಾರ್ಕ್‌ಶೈರ್, ಸೋಮರ್‌ಸೆಟ್‌ನಲ್ಲಿದ್ದ ಡಿಸ್ಟ್ರಿಕ್ಟ್‌ಗಳೆಲ್ಲ ಹೋಗಿ ಯೂನಿಟರಿ ಆದ್ವು, 2024ರ ಡಿಸೆಂಬರಲ್ಲಿ ಸರ್ಕಾರ ಉಳಿದ ಎರಡು ಹಂತದ ಕಡೆಗಳಲ್ಲೂ ಹಾಗೇ ಮಾಡ್ತೀವಿ ಅಂತ ಶ್ವೇತಪತ್ರ ಹೊರಡಿಸ್ತು, ಅದರಿಂದ ಕೆಲವು ಕಡೆ ಎಲೆಕ್ಷನ್ ಮುಂದಕ್ಕೂ ಹೋಗಿದೆ. ಕೌನ್ಸಿಲ್ ಹೋದ್ರೆ ಅದರ ವೆಬ್‌ಸೈಟೂ ಮುಚ್ಚುತ್ತೆ, ಹಳೇ ಲಿಂಕುಗಳು ಒಂದೊಂದಾಗಿ ಸಾಯ್ತವೆ. ನಿಮ್ಮ ವಾರ್ಡಿನ ಕಾಗದ ಫೋನಲ್ಲಿ ಇದ್ರೆ ಮುಂದಿನ ಸಲ ಹೋಲಿಸೋಕೆ ಅದೇ ಆಧಾರ.

ಮಧ್ಯದಲ್ಲಿ ಕೌನ್ಸಿಲರ್ ರಾಜೀನಾಮೆ ಕೊಟ್ರೆ ಉಪಚುನಾವಣೆ ತಾನಾಗೇ ಬರಲ್ಲ. ಖಾಲಿ ಆಗಿದೆ ಅಂತ ಘೋಷಣೆ ಆದ ಮೇಲೆ ಆ ಕೌನ್ಸಿಲ್ ವ್ಯಾಪ್ತಿಯ ಇಬ್ಬರು ಮತದಾರರು ಬರವಣಿಗೆಯಲ್ಲಿ ಕೇಳಿದ್ರೆ 35 ಕೆಲಸದ ದಿನದೊಳಗೆ ಎಲೆಕ್ಷನ್ ಮಾಡ್ಬೇಕು, ಅವರ ಅವಧಿ ಮುಗಿಯೋಕೆ ಆರು ತಿಂಗಳೊಳಗೆ ಇದ್ರೆ ಮಾತ್ರ ಸೀಟು ಹಾಗೇ ಖಾಲಿ ಬಿಡ್ತಾರೆ. ಆ ಇಬ್ಬರಲ್ಲಿ ಒಬ್ಬರು ನೀವೂ ಆಗಬಹುದು, ಭಾರತೀಯ ಪಾಸ್‌ಪೋರ್ಟ್ ಇದ್ರೂ, ಪಟ್ಟಿಯಲ್ಲಿ ಹೆಸರಿದ್ರೆ ಸಾಕು.